ಬೂದು ಶಾಯಿಗಳನ್ನು ಹೋಲಿಸುವುದು ಮತ್ತು ಅವುಗಳ ಚಿತ್ರ ತೆಗೆಯುವುದು ಹೇಗೆ?

ಪ್ರಶ್ನೆ: ನನ್ನ ಬಳಿ ಮೂರು ಬೂದು ಬಣ್ಣದ ಫೌಂಟನ್ ಪೆನ್ ಶಾಯಿಗಳಿವೆ. ಪೈಲಟ್ ಕಂಪನಿಯ ಇರೋಶಿಜುಕು ಸರಣಿಯ ಕಿರಿ-ಸಮೆ ಮತ್ತು ಫುಯು-ಶೋಗುನ್, ಜೊತೆಗೆ ಡಯಮೈನ್ ಗ್ರಾಫೈಟ್. ಬರೆದಾಗ ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಫೋನಿನಲ್ಲಿ ಚಿತ್ರ ತೆಗೆದರೆ ಒಮ್ಮೆ ಮೂರೂ ಒಂದೇ ಬಣ್ಣ, ಇನ್ನೊಮ್ಮೆ ಮೂರೂ ನೀಲಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ನನ್ನ ಕಣ್ಣಿಗೇ ಅವು ಬೇರೆ ರೀತಿ ಕಾಣುತ್ತವೆ. ಇವನ್ನು ಸರಿಯಾಗಿ ಹೋಲಿಸಿ ಚಿತ್ರ ತೆಗೆಯುವುದು ಹೇಗೆ? ನಾಲ್ಕನೆಯ ಬೂದು ಶಾಯಿ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಫೋನಿನಲ್ಲಿ ದೋಷವಿಲ್ಲ, ಶಾಯಿಗಳಲ್ಲೂ ಇಲ್ಲ. ಕಡುನೀಲಿ ಶಾಯಿಯ ಚಿತ್ರ ತೆಗೆಯುವಾಗ ಕ್ಯಾಮೆರಾ ಬಣ್ಣವನ್ನು ಅಷ್ಟಿಷ್ಟು ಆಚೀಚೆ ಮಾಡಿದರೂ ನೀಲಿ ನೀಲಿಯಾಗಿಯೇ ಉಳಿಯುತ್ತದೆ, ಏಕೆಂದರೆ ಶಾಯಿಯಲ್ಲಿರುವ ನೀಲಿಯ ಎದುರು ಆ ತಪ್ಪು ತೀರಾ ಚಿಕ್ಕದು. ಬೂದು ಶಾಯಿಯ ವಿಷಯ ಹಾಗಲ್ಲ. ಯಾವ ಬಣ್ಣದ ಕಡೆಗೂ ವಾಲದ ತಟಸ್ಥ ಬೂದಿನಿಂದ ಅದು ಯಾವ ಕಡೆಗೆ, ಎಷ್ಟು ಸರಿದಿದೆ ಎಂಬ ಸಣ್ಣ ಅಂತರದಲ್ಲೇ ಅದರ ಗುರುತೆಲ್ಲ ಅಡಗಿರುತ್ತದೆ. ಬೆಳಕು, ಕಾಗದ ಮತ್ತು ಕ್ಯಾಮೆರಾ ಸೇರಿ ಮಾಡುವ ತಪ್ಪು ಸಾಮಾನ್ಯವಾಗಿ ಆ ಅಂತರಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ಒಂದೇ ಒಂದು ಬೂದು ಶಾಯಿಯನ್ನು ಹಾಳೆಯ ಮೇಲೆ ಬರೆದು ತೆಗೆದ ಚಿತ್ರ, ನೋಡಲು ಎಷ್ಟೇ ಸೊಗಸಾಗಿದ್ದರೂ, ಆ ಶಾಯಿಯ ಬಣ್ಣದ ಬಗ್ಗೆ ಬಹುತೇಕ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಲಿಸಬೇಕಾದ ಶಾಯಿಗಳೆಲ್ಲ ಒಂದೇ ಕಾಗದದ ಮೇಲೆ, ಒಂದೇ ಬೆಳಕಿನಲ್ಲಿ, ಒಂದೇ ಚೌಕಟ್ಟಿನೊಳಗೆ ಇರಬೇಕು. ಅವುಗಳ ಪಕ್ಕದಲ್ಲಿ, ತಟಸ್ಥವೆಂದು ನಿಶ್ಚಿತವಾಗಿ ಗೊತ್ತಿರುವ ಒಂದು ವಸ್ತುವೂ ಇರಬೇಕು.

ಶಾಯಿಯೊಳಗೆ ಏನಿದೆ ಎಂಬುದನ್ನು ಮೊದಲು ನೋಡೋಣ. ಫೌಂಟನ್ ಪೆನ್ನಿನ ಬೂದು ಶಾಯಿ ಎಂದರೆ ಸಾಮಾನ್ಯವಾಗಿ ನೀರು ಬೆರೆಸಿದ ಕಪ್ಪು ಶಾಯಿಯಲ್ಲ. ನೀರಿನಲ್ಲಿ ಕರಗುವ ಎರಡು ಮೂರು ಬಣ್ಣಗಳನ್ನು, ಒಂದು ಇನ್ನೊಂದರ ಛಾಯೆಯನ್ನು ತಗ್ಗಿಸುವಂತೆ ಬೆರೆಸಿ ಅದನ್ನು ತಯಾರಿಸಿರುತ್ತಾರೆ. ನಿಮ್ಮ ಮೂರರಲ್ಲಿ ಕಿರಿ-ಸಮೆ ಬಹುಮಟ್ಟಿಗೆ ತಟಸ್ಥ, ಫುಯು-ಶೋಗುನ್ ನೀಲಿ ಮತ್ತು ನೇರಳೆಯ ಕಡೆಗೆ ವಾಲಿರುವ ತಣ್ಣನೆಯ ಬೂದು, ಗ್ರಾಫೈಟ್ ಹಸಿರಿನ ಎಳೆಯಿರುವ ಗಾಢ ಬೂದು. ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಕಾಫಿ ಫಿಲ್ಟರ್ ಕಾಗದದ ಪಟ್ಟಿಯ ಕೆಳತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಒಂದು ಹನಿ ಶಾಯಿ ಇಟ್ಟು, ಅದು ಒಣಗಿದ ಮೇಲೆ ತುದಿಯನ್ನಷ್ಟೇ ನೀರಿನಲ್ಲಿ ಅದ್ದಿ ನಿಲ್ಲಿಸಿ. ನೀರು ಮೇಲೇರುತ್ತಾ ಒಂದೊಂದು ಬಣ್ಣವನ್ನು ಒಂದೊಂದು ಎತ್ತರಕ್ಕೆ ಒಯ್ಯುತ್ತದೆ, ಬೂದಿನೊಳಗೆ ಯಾವ ಬಣ್ಣಗಳಿದ್ದವು ಎಂಬುದು ಸಾಲಾಗಿ ಕಾಣಿಸುತ್ತದೆ. ಒಂದೇ ರೀತಿ ಕಾಣುವ ಎರಡು ಬೂದು ಶಾಯಿಗಳ ಪಟ್ಟಿಗಳು ಎಷ್ಟು ಬೇರೆಯಾಗಿರಬಲ್ಲವು ಎಂಬುದನ್ನು ಒಮ್ಮೆ ಕಂಡವರು ಬೂದು ಶಾಯಿಗಳನ್ನು ನೋಡುವ ರೀತಿಯೇ ಬದಲಾಗುತ್ತದೆ.

ಟ್ಯೂಬ್‌ಲೈಟಿನಲ್ಲಿ ಬಣ್ಣ ಬದಲಾಗುವುದೂ ಇದೇ ಕಾರಣಕ್ಕೆ. ಹಗಲಿನ ಬೆಳಕಿನಲ್ಲಿ ಎಲ್ಲ ತರಂಗಾಂತರಗಳೂ ಹೆಚ್ಚುಕಡಿಮೆ ಎಡೆಬಿಡದೆ ಇರುತ್ತವೆ. ಹಳೆಯ ಟ್ಯೂಬ್‌ಲೈಟಿನಲ್ಲಿ ಕೆಲವೇ ಕಡೆ ಚೂಪಾದ ಶಿಖರಗಳಿರುತ್ತವೆ. ಬಿಳಿ ಎಲ್‌ಇಡಿಯಲ್ಲಿ ಸುಮಾರು 450 ನ್ಯಾನೊಮೀಟರ್ ಬಳಿ ನೀಲಿಯ ಎತ್ತರದ ಶಿಖರ, ಅದರ ಪಕ್ಕದಲ್ಲೇ ಒಂದು ತಗ್ಗು, ಆಮೇಲೆ ಹಳದಿಯ ಅಗಲವಾದ ದಿಬ್ಬ. ಶಾಯಿಯ ಒಂದು ಬಣ್ಣ ಹೀರುವ ತರಂಗಾಂತರ ಆ ತಗ್ಗಿನೊಳಗೆ ಬಿದ್ದರೆ ಅದರ ಕೆಲಸ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಮಿಶ್ರಣದ ಸಮತೋಲ ತಪ್ಪಿ ಬೂದು ಬೇರೊಂದು ಕಡೆಗೆ ವಾಲುತ್ತದೆ. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗುವುದನ್ನು ಮೆಟಮೆರಿಸಂ ಎನ್ನುತ್ತಾರೆ. ಬೂದು ಶಾಯಿಗಳಲ್ಲಿ ಅದು ಎದ್ದು ಕಾಣುತ್ತದೆ. ಆದ್ದರಿಂದ ‘ಈ ಎರಡು ಶಾಯಿಗಳು ಒಂದೇ’ ಎಂದು ಹೇಳುವ ಮೊದಲು ಕನಿಷ್ಠ ಎರಡು ಬಗೆಯ ಬೆಳಕಿನಲ್ಲಿ ನೋಡಿರಬೇಕು.

ಕಣ್ಣಿಗೂ ತನ್ನದೇ ಮಿತಿಯಿದೆ. ಪ್ಯಾರಿಸ್ಸಿನ ಗೊಬ್ಲಾಂ ಕಾರ್ಖಾನೆಯ ಚಿತ್ರಪಟ ನೇಯ್ಗೆಯ ಬಣ್ಣಗಾರಿಕೆ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥನಾದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೂಲ್‌ಗೆ ಒಂದು ದೂರು ಬಂದಿತ್ತು. ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳುಗಳಿಗೆ ಬಳಸುವ ಕಪ್ಪು ದಾರಕ್ಕೆ ಕಸುವಿಲ್ಲ ಎಂಬುದು ಆ ದೂರು. ಬೇರೆ ಕಡೆಯ ಕಪ್ಪು ಉಣ್ಣೆಗಳೊಂದಿಗೆ ಹೋಲಿಸಿ ನೋಡಿದಾಗ ದಾರದ ಬಣ್ಣದಲ್ಲಿ ಕೊರತೆಯಿರಲಿಲ್ಲ. ಪಕ್ಕದ ನೀಲಿ ಮತ್ತು ನೇರಳೆಗಳೇ ಕಪ್ಪನ್ನು ಮಂಕಾಗಿಸುತ್ತಿದ್ದವು. 1839ರಲ್ಲಿ ಅವನು ಪ್ರಕಟಿಸಿದ ನಿಯಮ ಇಂದಿಗೂ ನಮ್ಮ ಕೆಲಸಕ್ಕೆ ಬರುತ್ತದೆ: ಪಕ್ಕದ ಬಣ್ಣ ತನಗೆ ಪೂರಕವಾದ ಛಾಯೆಯನ್ನು ನೆರೆಯದರ ಮೇಲೆ ಹೇರುತ್ತದೆ. ಫುಯು-ಶೋಗುನ್‌ನ ಪಕ್ಕದಲ್ಲಿ ಕಿರಿ-ಸಮೆಯನ್ನು ಇಟ್ಟರೆ ಕಿರಿ-ಸಮೆ ಬೆಚ್ಚಗೆ, ಸ್ವಲ್ಪ ಕಂದಾಗಿ ತೋರುತ್ತದೆ. ಅದನ್ನೇ ಬೆಚ್ಚನೆಯ ಕಂದು ಶಾಯಿಯೊಂದರ ಪಕ್ಕದಲ್ಲಿಟ್ಟರೆ ತಣ್ಣಗೆ ತೋರುತ್ತದೆ. ಇದು ಹೋಲಿಕೆಗೆ ಅಡ್ಡಿಯಲ್ಲ, ಸಹಾಯ. ಎರಡರ ನಡುವಿನ ವ್ಯತ್ಯಾಸವನ್ನು ಕಣ್ಣು ಹಿಗ್ಗಿಸಿ ತೋರಿಸುತ್ತಿರುತ್ತದೆ. ಆದರೆ ಒಂದು ಶಾಯಿಯನ್ನೇ ವರ್ಣಿಸಬೇಕಾದಾಗ ಉಳಿದವನ್ನು ಬೂದು ಅಥವಾ ಬಿಳಿ ರಟ್ಟಿನಿಂದ ಮುಚ್ಚಿ ನೋಡಬೇಕು.

ಈಗ ಮಾದರಿಗಳ ತಯಾರಿ. ಹೋಲಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಕ್ಯಾಮೆರಾದ ಮುಂದಲ್ಲ. ಮೂರು ಪೆನ್ನುಗಳಲ್ಲಿ ಮೂರು ಶಾಯಿ ತುಂಬಿ ಬರೆದರೆ ನೀವು ಹೋಲಿಸುತ್ತಿರುವುದು ಪೆನ್ನುಗಳನ್ನು. ಶಾಯಿಯನ್ನು ಧಾರಾಳವಾಗಿ ಹರಿಸುವ ನಿಬ್ಬು ತಿಳಿ ಬೂದನ್ನೂ ಗಾಢ ಮಾಡುತ್ತದೆ. ಪೆನ್ನಿನಲ್ಲಿ ಹಲವು ದಿನ ಸುಮ್ಮನೆ ನಿಂತ ಶಾಯಿಯ ನೀರು ಆರಿ ಅದು ಇನ್ನಷ್ಟು ಗಾಢವಾಗಿರುತ್ತದೆ. ಹಿಂದಿನ ಶಾಯಿಯ ಕುರುಹಂತೂ ಬೂದಿಗೆ ದೊಡ್ಡ ಶತ್ರು. ನಿಬ್ಬಿಗೆ ಶಾಯಿ ಹರಿಸುವ ಫೀಡಿನ ಸಂದಿಯಲ್ಲಿ ಉಳಿದ ಒಂದಿಷ್ಟು ನೀಲಿ ಕಪ್ಪು ಶಾಯಿಗೆ ಲೆಕ್ಕಕ್ಕಿಲ್ಲ, ಆದರೆ ಕಿರಿ-ಸಮೆಯನ್ನು ಫುಯು-ಶೋಗುನ್ ಆಗಿಸಲು ಅಷ್ಟೇ ಸಾಕು. ಆದ್ದರಿಂದ ಒಂದೇ ಗಾಜಿನ ಅದ್ದು-ಪೆನ್ನನ್ನು ಪ್ರತಿ ಶಾಯಿಯ ನಂತರ ತೊಳೆದು, ಒರೆಸಿ ಬಳಸುವುದು ಒಳ್ಳೆಯದು. ಅದು ಫೌಂಟನ್ ಪೆನ್ನಿಗಿಂತ ಹೆಚ್ಚು ಶಾಯಿ ಬಿಡುತ್ತದೆ ಎಂಬುದನ್ನು ನೆನಪಿಟ್ಟು, ನಿಮ್ಮ ನಿತ್ಯದ ಪೆನ್ನಿನಿಂದ ಒಂದು ಸಾಲನ್ನೂ ಕೆಳಗೆ ಸೇರಿಸಿ.

ಪ್ರತಿ ಶಾಯಿಗೂ ಹತ್ತಿಯ ಕಡ್ಡಿಯಿಂದ ಒಂದು ಪಟ್ಟಿ ಎಳೆಯಿರಿ. ಅದರ ಅರ್ಧಭಾಗದ ಮೇಲೆ, ಒಣಗಿದ ನಂತರ, ಎರಡನೆಯ ಲೇಪ ಕೊಡಿ. ಒಂಟಿ ಲೇಪದಲ್ಲಿ ಛಾಯೆ ಗೊತ್ತಾಗುತ್ತದೆ, ಜೋಡಿ ಲೇಪದಲ್ಲಿ ಗಾಢತೆ ಗೊತ್ತಾಗುತ್ತದೆ. ಪಟ್ಟಿಯ ಕೆಳಗೆ ಕನ್ನಡದಲ್ಲಿಯೇ ಬರೆಯಿರಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ದುಂಡನೆಯ ಅಕ್ಷರಗಳಲ್ಲಿ ಬೂದು ಶಾಯಿ ತೋರುವ ಗುಣ ರೋಮನ್ ಅಕ್ಷರಗಳ ಮಾದರಿಯಲ್ಲಿ ಕಾಣುವುದಿಲ್ಲ. ಫುಯು-ಶೋಗುನ್‌ನಲ್ಲಿ ‘ಠ’ ಬರೆದು ಭೂತಗನ್ನಡಿಯಲ್ಲಿ ನೋಡಿ: ವೃತ್ತ ಆರಂಭವಾಗುವ ಕಡೆ ಗೆರೆ ತಿಳಿಯಾಗಿರುತ್ತದೆ, ಸುತ್ತು ಮುಗಿಸಿ ಪೆನ್ನು ನಿಧಾನಿಸಿ ಎತ್ತುವ ಕಡೆ ಶಾಯಿ ಮಡುಗಟ್ಟಿ ಉಕ್ಕಿನ ನೀಲಿಗೆ ತಿರುಗಿರುತ್ತದೆ, ನಡುವಿನ ಚುಕ್ಕೆ ಎಲ್ಲಕ್ಕಿಂತ ಗಾಢವಾಗಿರುತ್ತದೆ. ಒಂದೇ ಅಕ್ಷರದೊಳಗೆ ಮೂರು ಬೂದುಗಳು. ಇನ್ನೊಂದು ಕಡೆ, ಸಣ್ಣ ನಿಬ್ಬಿನಲ್ಲಿ ‘ಕ್ಷ್ಮ’, ‘ತ್ಸ್ನ’ದಂಥ ಒತ್ತಕ್ಷರಗಳನ್ನು ಬರೆದರೆ ತಿಳಿ ಶಾಯಿ ಎಲ್ಲಿ ಸೋಲುತ್ತದೆ ಎಂಬುದು ಗೊತ್ತಾಗುತ್ತದೆ. ಎರ್ಬಾಂ ಕಂಪನಿಯ ಗ್ರಿ ನ್ಯುಆಜ್‌ನಂಥ ಬಹಳ ತಿಳಿಯಾದ ಬೂದಿನಲ್ಲಿ ಮೂಲಾಕ್ಷರ ಓದಲು ಬಂದರೂ ಒತ್ತು ಪೆನ್ಸಿಲಿನ ಅಳಿಸಿದ ಗುರುತಿನಷ್ಟು ಮಸುಕಾಗಿಬಿಡಬಹುದು.

ಕಾಗದವನ್ನು ಆರಿಸುವಾಗ ಬಿಳುಪಿಗೆ ಮರುಳಾಗಬೇಡಿ. ಝೆರಾಕ್ಸ್ ಹಾಳೆಗಳು ಸಾಮಾನ್ಯವಾಗಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುವುದಕ್ಕೆ ಅವುಗಳಲ್ಲಿ ಬೆರೆಸಿದ ಹೊಳಪುಕಾರಕ ರಾಸಾಯನಿಕಗಳು ಕಾರಣ. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ. ಅಂಥ ಕಾಗದ ಹಗಲಿನಲ್ಲಿ ನೀಲಿ ಬೆರೆತ ಬಿಳಿ, ಅತಿನೇರಳೆಯಿಲ್ಲದ ದೀಪದಡಿ ಮಂಕು ಬಿಳಿ. ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಹಿಡಿದರೆ ಕಾಗದದ ಗುಟ್ಟು ತಕ್ಷಣ ಗೊತ್ತಾಗುತ್ತದೆ: ನೀಲಿಯಾಗಿ ಬೆಳಗಿದರೆ ಹೊಳಪುಕಾರಕವಿದೆ. ಹೋಲಿಕೆಗೆ ಬೆಳಗದ, ಶಾಯಿ ಹರಡದ ಕಾಗದ ಬೇಕು. ಹೀರಿಕೊಳ್ಳುವ ಕಾಗದವಾದರೆ ಅದೇ ಫಿಲ್ಟರ್ ಪಟ್ಟಿಯ ಕೆಲಸ ಮಾಡುತ್ತದೆ, ಗೆರೆಯ ಅಂಚಿನಲ್ಲಿ ಗುಲಾಬಿಯೋ ಹಸಿರೋ ಬೇರ್ಪಟ್ಟು ನಿಲ್ಲುತ್ತದೆ. ಮಾದರಿ ಪೂರ್ತಿ ಒಣಗುವವರೆಗೆ ಕಾಯಿರಿ. ಹಸಿ ಬೂದು ಯಾವಾಗಲೂ ಹೆಚ್ಚು ಗಾಢ. ಕಬ್ಬಿಣ ಬೆರೆತ ಐರನ್ ಗಾಲ್ ಶಾಯಿಗಳಾದರೆ ಗಾಳಿ ತಗುಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಪ್ಪಾಗುತ್ತಾ ಹೋಗುತ್ತವೆ, ಹಾಗಾಗಿ ಅವುಗಳ ಮಾದರಿಯ ಮೇಲೆ ದಿನಾಂಕ ಬರೆದಿಡಬೇಕು. ಮಾದರಿಗಳನ್ನು ಬೆಳಕಿಗೆ ಬಿಡಬಾರದು. ಮಿಶ್ರಣದ ಬಣ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ, ಒಂದು ಮಾಸಿ ಇನ್ನೊಂದು ಉಳಿದರೆ ಬೂದಿನ ಛಾಯೆಯೇ ಬದಲಾಗಿರುತ್ತದೆ.

ಬೆಳಕಿಗೆ ಉತ್ತರದ ಕಿಟಕಿ ಉತ್ತಮ ಎಂದು ಯುರೋಪಿನ ಛಾಯಾಗ್ರಹಣ ಕೈಪಿಡಿಗಳು ಹೇಳುತ್ತವೆ. ಅಲ್ಲಿಗೆ ಅದು ಸರಿ, ನಮ್ಮಲ್ಲಿ ವರ್ಷವಿಡೀ ಸರಿಯಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕೇ ಇರುತ್ತಾನೆ, ಉತ್ತರದ ಕಿಟಕಿಯಿಂದ ನೇರ ಬಿಸಿಲು ಒಳಬರಬಹುದು. ಆದ್ದರಿಂದ ದಿಕ್ಕಿಗಿಂತ ಬೆಳಕಿನ ಸ್ವಭಾವವನ್ನು ನೋಡಿ. ಮೋಡ ಕವಿದ ಹಗಲಿನ ಚದುರಿದ ಬೆಳಕು ಎಲ್ಲಕ್ಕಿಂತ ಒಳ್ಳೆಯದು, ಅದರ ಬಣ್ಣತಾಪ, ಅಂದರೆ ಬೆಳಕು ಎಷ್ಟು ಹಳದಿ ಅಥವಾ ನೀಲಿ ಎಂಬುದರ ಅಳತೆ, ಸುಮಾರು 6500 ಕೆಲ್ವಿನ್. ಮೋಡವಿಲ್ಲದ ದಿನ ನೆರಳಿನಲ್ಲಿ ನೀಲಿ ಆಕಾಶವೊಂದೇ ಬೆಳಗುವುದರಿಂದ ಬಣ್ಣತಾಪ ಇನ್ನೂ ಬಹಳ ಮೇಲೇರಿ ಎಲ್ಲವೂ ನೀಲಿಯಾಗುತ್ತದೆ. ನೀವು ಹೇಳಿದ ನೀಲಿ ಚಿತ್ರಗಳು ಇಂಥ ನೆರಳಿನವಾಗಿರಬಹುದು. ಸುತ್ತಲಿನ ವಸ್ತುಗಳನ್ನೂ ಗಮನಿಸಿ. ಕಿಟಕಿಯಾಚೆಯ ಮಾವಿನ ಮರ ಹಸಿರನ್ನೂ, ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಕೆಂಪನ್ನೂ ಹಾಳೆಯ ಮೇಲೆ ಎರಚುತ್ತವೆ. ಬೇರೆ ಶಾಯಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಬೂದಿನಲ್ಲಿ ಅದೇ ಶಾಯಿಯ ಬಣ್ಣವಾಗಿ ದಾಖಲಾಗುತ್ತದೆ. ಮಾದರಿಯ ಸುತ್ತ ಬಿಳಿ ರಟ್ಟುಗಳನ್ನು ನಿಲ್ಲಿಸಿ, ಗಾಢ ಬಣ್ಣದ ಅಂಗಿಯನ್ನೂ ಬಣ್ಣದ ಫೋನ್ ಕವಚವನ್ನೂ ದೂರವಿಡಿ, ಕೋಣೆಯ ದೀಪಗಳನ್ನು ಆರಿಸಿ. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತ ಚಿತ್ರವನ್ನು ಆಮೇಲೆ ಯಾವ ತಂತ್ರಾಂಶವೂ ಸರಿಪಡಿಸಲಾರದು, ಏಕೆಂದರೆ ಹಾಳೆಯ ಎರಡು ತುದಿಗಳಲ್ಲಿ ಎರಡು ಬೇರೆ ಬೆಳಕುಗಳಿರುತ್ತವೆ.

ರಾತ್ರಿಯೇ ಕೆಲಸ ಮಾಡಬೇಕಾದವರು 5000 ಕೆಲ್ವಿನ್ ಸುಮಾರಿನ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 95ಕ್ಕೆ ಕಡಿಮೆಯಿಲ್ಲದ ಎರಡು ಒಂದೇ ಬಗೆಯ ಎಲ್‌ಇಡಿ ದೀಪಗಳನ್ನು ಎಡಬಲಗಳಿಂದ 45 ಡಿಗ್ರಿ ಕೋನದಲ್ಲಿ ಇಡಬಹುದು. ಸಿಆರ್‌ಐ ಎಂಬುದು ಎಂಟು ನಸುಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪನ್ನು ಅಳೆಯುವ ಆರ್9 ಅದರಲ್ಲಿ ಸೇರಿಲ್ಲ, ಆದ್ದರಿಂದ ಅದನ್ನು ಪ್ರತ್ಯೇಕವಾಗಿ ನಮೂದಿಸಿದ ದೀಪವನ್ನೇ ಕೊಳ್ಳಿ.

ಇನ್ನು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಚಿತ್ರದ ಬಣ್ಣಗಳನ್ನು ಹೊಂದಿಸುವುದು. ನಿಮ್ಮ ತೊಂದರೆಯ ಮುಖ್ಯ ಮೂಲ ಇದೇ. ದೃಶ್ಯದ ಒಟ್ಟು ಸರಾಸರಿ ಬೂದಾಗಿರಬೇಕು, ಅತಿ ಬೆಳ್ಳಗಿರುವುದು ಬಿಳಿಯಾಗಿರಬೇಕು ಎಂಬಂಥ ಊಹೆಗಳ ಮೇಲೆ ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ನಿಂತಿದೆ. ನಸುಹಳದಿ ಕಾಗದದ ಮೇಲೆ ಬೂದು ಶಾಯಿಯಿದ್ದರೆ ಕ್ಯಾಮೆರಾ ಕಾಗದವನ್ನು ಬಿಳಿಯಾಗಿಸಲು ಹೋಗಿ ಇಡೀ ಚಿತ್ರಕ್ಕೆ ನೀಲಿ ಸೇರಿಸುತ್ತದೆ, ಆಗ ಕಿರಿ-ಸಮೆಯೂ ನೀಲಿ. ಫುಯು-ಶೋಗುನ್ ಮಾತ್ರವೇ ಚೌಕಟ್ಟನ್ನು ತುಂಬಿದ್ದರೆ ಅದರ ನೀಲಿಯನ್ನೇ ತಪ್ಪೆಂದು ತಿಳಿದು ಅಳಿಸುತ್ತದೆ, ಆಗ ಅದು ಕಿರಿ-ಸಮೆಯಂತೆ ಕಾಣುತ್ತದೆ. ಮೂರು ಶಾಯಿಗಳನ್ನು ಮೂರು ಚಿತ್ರಗಳಲ್ಲಿ ತೆಗೆದು ಪಕ್ಕಪಕ್ಕ ಜೋಡಿಸುವುದು ಇದಕ್ಕಾಗಿಯೇ ವ್ಯರ್ಥ. ಕಾಗದದ ಮೇಲೆ ಒತ್ತಿ ವೈಟ್ ಬ್ಯಾಲೆನ್ಸ್ ಮಾಡುವುದೂ ಸಲ್ಲದು. ಕಾಗದವೇ ತಟಸ್ಥವಲ್ಲ ಎಂಬುದನ್ನು ಮೇಲೆ ನೋಡಿದೆವು.

ಬೇಕಾಗಿರುವುದು ಛಾಯಾಗ್ರಾಹಕರು ಬಳಸುವ, ಶೇಕಡ 18ರಷ್ಟು ಬೆಳಕನ್ನು ಪ್ರತಿಫಲಿಸುವ ಬೂದು ಕಾರ್ಡ್, ಅಥವಾ 24 ಚೌಕಗಳ ಕಲರ್‌ಚೆಕರ್. 1976ರಿಂದ ಬಳಕೆಯಲ್ಲಿರುವ ಆ ಫಲಕದ ಕೆಳಗಿನ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಆರು ತಟಸ್ಥ ಮೆಟ್ಟಿಲುಗಳಿವೆ, ನಮ್ಮ ಕೆಲಸಕ್ಕೆ ಬೇಕಾದದ್ದು ಆ ಸಾಲೇ. ಅಷ್ಟು ಖರ್ಚು ಬೇಡವೆಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ತಿರುಪಿಗೆ ಸುತ್ತಲು ಮಾರುವ ಬಿಳಿ ಟೆಫ್ಲಾನ್ ಟೇಪ್ ತನ್ನಿ. ಪಿಟಿಎಫ್‌ಇ ಎಂಬ ಆ ವಸ್ತು ಕಣ್ಣಿಗೆ ಕಾಣುವ ಎಲ್ಲ ತರಂಗಾಂತರಗಳನ್ನೂ ಬಹುತೇಕ ಸಮನಾಗಿ ಚದುರಿಸುತ್ತದೆ, ಹೊಳಪುಕಾರಕವೂ ಅದರಲ್ಲಿರುವುದಿಲ್ಲ. ಕೆಳಗಿನದು ಕಾಣದಷ್ಟು ದಪ್ಪಕ್ಕೆ ಪದರ ಪದರವಾಗಿ ಮಡಚಿ ಮಾದರಿಯ ಪಕ್ಕದಲ್ಲಿಡಿ. ಫೋನಿನ ಪ್ರೊ ವಿಧಾನದಲ್ಲಿ ರಾ ಚಿತ್ರ (ಫೋನು ತಾನಾಗಿ ತಿದ್ದದ ಚಿತ್ರ) ತೆಗೆದು, ತಂತ್ರಾಂಶದ ವೈಟ್ ಬ್ಯಾಲೆನ್ಸ್ ಸಾಧನವನ್ನು ಕಾರ್ಡಿನ ಅಥವಾ ಟೇಪಿನ ಮೇಲೆ ಒತ್ತಿದರೆ ಕೆಲಸದ ಬಹುಪಾಲು ಮುಗಿದಂತೆ. ರಾ ಸೌಲಭ್ಯವಿಲ್ಲದ ಫೋನಿನಲ್ಲಿ ಕೆಲ್ವಿನ್ ಸಂಖ್ಯೆಯನ್ನು ಕೈಯಾರೆ ಸ್ಥಿರಗೊಳಿಸಿ. ದಾಖಲೆ ಸ್ಕ್ಯಾನ್ ಮಾಡುವ ವಿಧಾನ, ಎಚ್‌ಡಿಆರ್, ದೃಶ್ಯ ಗುರುತಿಸುವ ಸೌಲಭ್ಯ ಇವನ್ನೆಲ್ಲ ಬಂದ್ ಮಾಡಲೇಬೇಕು.

ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣದ ವಿಷಯದಲ್ಲಿ ಕ್ಯಾಮೆರಾ ಬಿಳಿ ಹಾಳೆಯನ್ನು ಮಧ್ಯಮ ಬೂದೆಂದು ಭಾವಿಸಿ ಚಿತ್ರವನ್ನು ಕತ್ತಲಾಗಿಸುತ್ತದೆ, ಆದ್ದರಿಂದ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚಿಸಬೇಕು. ಪರೀಕ್ಷಿಸಲು ಒಂದು ಸರಳ ಅಳತೆಯಿದೆ: ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಮಾನದ ಚಿತ್ರದಲ್ಲಿ, 0ಯಿಂದ 255ರವರೆಗಿನ ಅಳತೆಯಲ್ಲಿ, ಶೇಕಡ 18ರ ಕಾರ್ಡ್ 118ರ ಸುಮಾರಿಗೂ, ಸಾಮಾನ್ಯ ಬಿಳಿ ಕಾಗದ 235ರಿಂದ 240ರ ಸುಮಾರಿಗೂ ಬಂದರೆ ಸರಿ. ಕಾಗದ 255 ಮುಟ್ಟಿದರೆ ತಿಳಿ ಬೂದಿನ ನವಿರಾದ ಛಾಯೆಗಳು ಅದರೊಂದಿಗೇ ಸುಟ್ಟುಹೋಗಿರುತ್ತವೆ.

ಹಲವರು ಗಮನಿಸದ ಒಂದು ವಿಷಯವನ್ನು ಇಲ್ಲಿ ವಿವರಿಸಬೇಕು. ಸೆನ್ಸರಿನ ಪ್ರತಿ ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಅಂದಾಜಿಸುತ್ತಾರೆ. ಗೆರೆ ಕೆಲವೇ ಬಿಂದುಗಳಷ್ಟು ಸಣ್ಣದಾಗಿದ್ದರೆ ಅಂದಾಜು ತಪ್ಪಿ, ಅದರ ಅಂಚಿನಲ್ಲಿ ಇಲ್ಲದ ಬಣ್ಣ ಹುಟ್ಟುತ್ತದೆ. ಅದರ ಮೇಲೆ, ಜೆಪೆಗ್ ಕಡತವು ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಉಳಿಸಿಕೊಂಡು ಬಣ್ಣದ ವಿವರವನ್ನು ಉದ್ದಗಲಗಳೆರಡರಲ್ಲೂ ಅರ್ಧಕ್ಕೆ ಇಳಿಸುತ್ತದೆ. ಗೆರೆಯ ಅಂಚಿನಲ್ಲಿರುವ ನಸುಗುಲಾಬಿ, ಅಕ್ಷರದ ತಿರುವಿನಲ್ಲಿರುವ ನಸುಹಸಿರು, ಅಂದರೆ ಬೂದು ಶಾಯಿಯನ್ನು ಪ್ರೀತಿಸುವವರು ಯಾವುದಕ್ಕಾಗಿ ಪ್ರೀತಿಸುತ್ತಾರೋ ಅದೇ, ಹೀಗೆ ಕರಗಿಹೋಗುತ್ತದೆ. ಆದ್ದರಿಂದ ಇಡೀ ಪುಟದ ಚಿತ್ರದಿಂದ ಛಾಯೆಯನ್ನು ನಿರ್ಣಯಿಸಬೇಡಿ. ಒಂದೆರಡು ಅಕ್ಷರಗಳು ಚೌಕಟ್ಟಿನ ನಡುಭಾಗವನ್ನು ತುಂಬುವಂತೆ ಪ್ರತ್ಯೇಕ ಚಿತ್ರ ತೆಗೆಯಿರಿ. ಅದಕ್ಕೆ ಅಲ್ಟ್ರಾವೈಡ್ ಮ್ಯಾಕ್ರೊ ಲೆನ್ಸಿಗಿಂತ ಮುಖ್ಯ ಲೆನ್ಸನ್ನು ಅಥವಾ ಟೆಲಿ ಲೆನ್ಸನ್ನು ಸ್ವಲ್ಪ ದೂರದಿಂದ ಬಳಸುವುದು ಮೇಲು. ಅಲ್ಟ್ರಾವೈಡ್‌ನ ಅಂಚುಗಳಲ್ಲಿ ಬರುವ ನೇರಳೆ ಎಳೆ ಬೂದು ಶಾಯಿಯ ಗುಣವೆಂದು ಭ್ರಮೆ ಹುಟ್ಟಿಸುತ್ತದೆ, ಫೋನಿನ ನೆರಳೂ ಹಾಳೆಯ ಮೇಲೆ ಬೀಳುತ್ತದೆ. ಸ್ಕ್ಯಾನರ್ ಇದ್ದವರು ಸ್ವಯಂ ತಿದ್ದುಪಡಿಗಳನ್ನೆಲ್ಲ ಬಂದ್ ಮಾಡಿ ಬಳಸಬಹುದು. ಬೆಳಕು ಸ್ಥಿರವಾಗಿರುವುದು ಅದರ ಲಾಭ, ಅತಿ ತಿಳಿ ಬೂದನ್ನು ಬಿಳಿಯಲ್ಲಿ ಮುಳುಗಿಸುವುದು ಅದರ ಕೊರತೆ.

ಚಿತ್ರ ಸಿದ್ಧವಾದ ಮೇಲೆ ತಂತ್ರಾಂಶದ ಬಣ್ಣ ಹೆಕ್ಕುವ ಸಾಧನದಿಂದ ಒಂಟಿ ಲೇಪದ ಮೇಲೆ ಕೆಂಪು, ಹಸಿರು, ನೀಲಿಗಳ ಬೆಲೆ ಓದಿ. ಮೂರೂ ಸಮವಿದ್ದರೆ ತಟಸ್ಥ. ಉದಾಹರಣೆಗೆ 122, 125, 136 ಎಂದು ಬಂದರೆ ಅದು ನೀಲಿಯ ಕಡೆಗೆ ವಾಲಿದೆ. ಈ ಸಂಖ್ಯೆಗಳನ್ನು ಒಂದೇ ಚಿತ್ರದೊಳಗಿನ ಶಾಯಿಗಳ ನಡುವೆ ಮಾತ್ರ ಹೋಲಿಸಬೇಕು. ಬೇರೆ ಬಣ್ಣಗಳಲ್ಲಿ ಗಮನಕ್ಕೆ ಬಾರದ ಕೆಲವೇ ಅಂಕಗಳ ವ್ಯತ್ಯಾಸ ಬೂದಿನಲ್ಲಿ ಕಣ್ಣಿಗೆ ಕಾಣುತ್ತದೆ. ಬಣ್ಣದ ಅಂತರ ಅಳೆಯುವ 2000ನೇ ಇಸವಿಯ ಸಿಐಇ (ಅಂತರರಾಷ್ಟ್ರೀಯ ಬೆಳಕಿನ ಆಯೋಗ) ಸೂತ್ರದಲ್ಲಿ ಬೂದಿಗೆ ಹತ್ತಿರದ ಬಣ್ಣಗಳಿಗಾಗಿಯೇ ಒಂದು ಪ್ರತ್ಯೇಕ ತಿದ್ದುಪಡಿಯನ್ನು ಸೇರಿಸಬೇಕಾಗಿ ಬಂತು. ಚಿತ್ರವನ್ನು ಬೇರೆಯವರಿಗೆ ಕಳಿಸುವಾಗ ಎಸ್‌ಆರ್‌ಜಿಬಿ ಪ್ರೊಫೈಲ್ ಸೇರಿಸಿ, ಬೂದು ಕಾರ್ಡನ್ನು ಚಿತ್ರದಿಂದ ಕತ್ತರಿಸದೆ ಹಾಗೆಯೇ ಬಿಡಿ. ನೋಡುವವರ ಪರದೆಯಲ್ಲಿ ರಾತ್ರಿ ಬೆಳಕಿನ ಸೌಲಭ್ಯ ಚಾಲೂ ಇದ್ದರೂ, ಕಾರ್ಡಿಗೆ ಹೋಲಿಸಿ ಶಾಯಿ ಯಾವ ಕಡೆಗಿದೆ ಎಂಬುದನ್ನು ಅವರು ಅರಿಯಬಹುದು.

ನಾಲ್ಕನೆಯ ಶಾಯಿಯ ಪ್ರಶ್ನೆ. ತಟಸ್ಥ, ನೀಲಿ, ಹಸಿರು ಈ ಮೂರು ದಿಕ್ಕುಗಳು ನಿಮ್ಮಲ್ಲಿ ಆಗಲೇ ಇರುವುದರಿಂದ ಅವುಗಳ ನಡುವೆ ಬೀಳುವ ಇನ್ನೊಂದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಪೆಲಿಕಾನ್ ಎಡೆಲ್‌ಸ್ಟೈನ್ ಸರಣಿಯ 2020ರ ವರ್ಷದ ಶಾಯಿಯಾದ ಮೂನ್‌ಸ್ಟೋನ್ ಒಳ್ಳೆಯ ಶಾಯಿಯೇ, ಆದರೆ ಅದರ ನೇರಳೆಯ ಎಳೆ ಫುಯು-ಶೋಗುನ್‌ಗೆ ಹತ್ತಿರ ಬರುತ್ತದೆ. ಬಣ್ಣದ ಆನಂದಕ್ಕಾಗಿ ಕೊಳ್ಳುವುದಾದರೆ ಸೈಲರ್ ಇಂಕ್ ಸ್ಟುಡಿಯೊ 123 ನನ್ನ ಆಯ್ಕೆ. ಕಾಗದವನ್ನವಲಂಬಿಸಿ ಅದರೊಳಗಿನ ಗುಲಾಬಿ, ಹಸಿರು, ನೇರಳೆಗಳು ಬೇರ್ಪಟ್ಟು ಕಾಣುತ್ತವೆ, ಮೇಲೆ ಹೇಳಿದ ಹತ್ತಿರದ ಚಿತ್ರದ ಕ್ರಮಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ದಾಖಲೆಗಳಲ್ಲಿ, ಲಕೋಟೆಗಳ ಮೇಲೆ ಬರೆಯಲು ಬೂದು ಬೇಕೆಂದರೆ ನೂಡ್ಲರ್ಸ್ ಲೆಕ್ಸಿಂಗ್ಟನ್ ಗ್ರೇ ಕೊಳ್ಳಿ. ಅದು ಕಾಗದದ ನಾರಿಗೆ ಅಂಟುವುದರಿಂದ ಒಣಗಿದ ಮೇಲೆ ನೀರು ಬಿದ್ದರೂ ಅಳಿಸುವುದಿಲ್ಲ. ನಿಮ್ಮಲ್ಲಿರುವ ಮೂರಕ್ಕೂ ಆ ಗುಣವಿಲ್ಲ.